ಪುದಿಯಾಪ್ಳೆಯ ಕೋಣೆಯ ಅಂಟು

ಮದುವೆಯಾಗಿ, ಮಗಳು ಹುಟ್ಟಿ ಹತ್ತನೇ ಕ್ಲಾಸಿಗೆ ಬಂದರೂ ನಾಯ್ಮಾರ್ಮೂಲೆಯ ಆ ಮನೆಗೆ ಸಮದ್ ಇನ್ನೂ ಪುದಿಯಾಪ್ಳೆಯೇ, ಹೊಸ ಮದುಮಗನೇ. ಅವನು ಕೆಮ್ಮಿದರೆ ಅತ್ತೆ ಮರಿಯುಮ್ಮ ಕುರ್ಚಿ ತರುತ್ತಿದ್ದರು. ಮದುವೆಯಾದ ಹೊಸದರಲ್ಲಿ, ಉಪ್ಪರಿಗೆಯ ಹಲಸಿನ ಹಲಗೆಗಳು ಕಿರುಗುಟ್ಟುತ್ತವೆ ಎಂದು ಅವನು ಮೂಗು ಮುರಿದದ್ದೇ ತಡ, ಅವುಗಳ ಮೇಲೆ ಅಂಟು ಸುರಿದು ಮಾರ್ಬಲ್ ಚಿತ್ರದ ಪ್ಲಾಸ್ಟಿಕ್ ಹಾಳೆ ಹಾಸಿದ್ದರು. ಎಂದೋ ಒಮ್ಮೆ ಬಂದು ಮಲಗಿ ಗೊರಕೆ ಹೊಡೆಯುವವನಿಗಾಗಿ ಉಳಿದ ದಿನವೆಲ್ಲ ಆ ಕೋಣೆಗೆ ಬೀಗ.

ಈಗ ಹಾಳೆ ಬಿರಿದು ಮೇಲೆದ್ದಿತ್ತು. ಸಮದನ ನಾದಿನಿ ರಂಶೀನಾ ಬಿ.ಎಡ್. ಮುಗಿಸಿ ಅಡುಗೆಮನೆಯ ಹಿಂದೆ, ಸೌದೆಯ ಪಕ್ಕದಲ್ಲಿ ಟ್ಯೂಷನ್ ಹೇಳುತ್ತಿದ್ದಳು. ಅವಳು ಆ ಕೋಣೆ ಕೇಳಿದಳು.

"ಶುಕ್ರವಾರ ಸಂಜೆಯೊಳಗೆ ನೆಲ ಚಂದ ಆದ್ರೆ ನಿನಗೆ. ಇಲ್ಲದಿದ್ರೆ ಪುದಿಯಾಪ್ಳೆ ಹೊಸ ಹಾಳೆ ಹಾಕಿಸ್ತಾರೆ" ಎಂದರು ಉಮ್ಮ, ಅವಳ ತಾಯಿ ಮರಿಯುಮ್ಮ.

ಹಾಳೆ ಸುಲಭವಾಗಿ ಕಿತ್ತು ಬಂತು. ಅಂಟು ಬರಲಿಲ್ಲ, ಕಂದು ಬಣ್ಣದ ಹಕ್ಕಳೆಯಾಗಿ ಹಲಗೆಗೆ ಕಚ್ಚಿಕೊಂಡಿತ್ತು. ಒದ್ದೆ ಬಟ್ಟೆ ಹಾಸಿ, ಮೇಲೆ ಇಸ್ತ್ರಿ ಪೆಟ್ಟಿಗೆ ಒತ್ತಿ, ಆವಿಗೆ ಮೆತ್ತಗಾದೊಡನೆ ಪೈಂಟಿನವರ ತಗಡಿನ ಪಟ್ಟಿಯಿಂದ ಕೆರೆಯಬೇಕು. ಶುಕ್ರವಾರದ ಹೊತ್ತಿಗೆ ಕಿಟಕಿಯ ಕಡೆಯ ಹಲಗೆಗಳಷ್ಟೇ ಉಳಿದಿದ್ದವು.

ಜುಮಾ ನಮಾಜು ಮುಗಿಸಿ, ಅತ್ತರು ಹಚ್ಚಿಕೊಂಡು ಸಮದ್ ಮೇಲೆ ಬಂದ.

"ಎಂತ ಮಾರಾಯ್ತಿ, ನೆಲಕ್ಕೆ ಇಸ್ತ್ರಿಯಾ? ನೆಲ ಮದುವೆಗೆ ಹೊರಟಿದ್ದಾ?"

"ಅಂಟು ಮೆತ್ತಗಾಗ್ತದೆ, ಸಮದಿಚ್ಚ."

"ಓದಿ ಓದಿ ಹಾಳಾದೆ ನೀನು. ಇದು ಹಲಸಿನ ಮರ ಅಲ್ವಾ? ಹಲಸಿನ ಮೇಣ ಕೈಗೆ ಹಿಡಿದ್ರೆ ಎಂತ ಹಚ್ಚುದು? ತೆಂಗಿನೆಣ್ಣೆ! ಸಣ್ಣ ಮಕ್ಕಳಿಗೂ ಗೊತ್ತುಂಟು."

ರಂಶೀನಾ ಅವನ ಮುಖ ನೋಡಿದಳು. ಮರ ಹಲಸಿನದೆಂದರೆ ಡಬ್ಬದ ಅಂಟೂ ಹಲಸಿನದೇ! ಇಷ್ಟು ವರ್ಷ ಆ ತಲೆಗೆ ಹಚ್ಚಿದ ಎಣ್ಣೆಯೆಲ್ಲ ದಂಡವಾಯಿತಲ್ಲ ಎನಿಸಿತು.

ಅವನು ತಾನೇ ಇಳಿದು ಎಣ್ಣೆಯ ಕ್ಯಾನು ತಂದ. ಅವಳು ಕೆರೆದು ಮುಗಿಸಿದ್ದ ಹಲಗೆಯ ಮೇಲೇ ಕುಕ್ಕರಗಾಲಲ್ಲಿ ಕೂತು ಸುರಿದ. ಒಣ ಮರ ಗಟಗಟನೆ ಕುಡಿದು ಕಪ್ಪಾಯಿತು. ಅವನು ಬಟ್ಟೆಯಿಂದ ಉಜ್ಜತೊಡಗಿದ.

ಮೆಟ್ಟಿಲ ತುದಿಯಲ್ಲಿ ನಿಂತ ಉಮ್ಮ ತುಟಿಯ ಮೇಲೆ ಬೆರಳಿಟ್ಟರು. ಪುದಿಯಾಪ್ಳೆಗೆ ಎದುರಾಡಬಾರದು. ಈ ಮನೆಯ ಮಾತೆಲ್ಲ ಆ ಬೆರಳಿನ ಹಿಂದೆಯೇ ಸತ್ತದ್ದು. ಅವನು ಮುಂದಿನ ಹಲಗೆಗೆ ಕ್ಯಾನು ಬಾಗಿಸಿದ.

ರಂಶೀನಾ ಎದುರಾಡಲಿಲ್ಲ. ತೆರೆದ ಕಿಟಕಿಯ ಬಳಿ ಹೋಗಿ ಬಹಳ ವಿನಯದಿಂದ, ಗಟ್ಟಿಯಾಗಿ ಹೇಳಿದಳು: "ಉಮ್ಮಾ, ಪುದಿಯಾಪ್ಳೆ ನೆಲ ಉಜ್ಜುದನ್ನು ಆಚೆಮನೆಯ ಜಲಜಾಕ್ಷಿ ಟೀಚರ್ ತಮ್ಮ ಅಂಗಳದಿಂದ ನೋಡ್ತಾ ಇದ್ದಾರೆ."

"ಯಾ ಅಲ್ಲಾ!" ಉಮ್ಮ ಓಡಿ ಬಂದು ಕ್ಯಾನು ಕಿತ್ತುಕೊಂಡರು. "ಏಳಿ, ಏಳಿ ನೀವು! ಮರಿಯುಮ್ಮ ಪುದಿಯಾಪ್ಳೆಯಿಂದ ನೆಲ ಉಜ್ಜಿಸಿದಳು ಅಂತ ಊರಿಡೀ ಹೇಳಲಿಕ್ಕಾ?"

"ನಾನು ತೋರಿಸಿ ಕೊಡುದು ಮಾತ್ರ..."

"ಪತ್ತಿರಿ ರೊಟ್ಟಿ ಆರ್‍ತದೆ, ಬನ್ನಿ!"

ಮತ್ತೆ ಅವನಿಗೆ ಮೇಲೆ ಬರಲಾಗಲಿಲ್ಲ. ಎದ್ದಾಗಲೆಲ್ಲ ಉಮ್ಮ ತಟ್ಟೆಗೆ ಇನ್ನೊಂದು ಕೋಳಿಯ ತುಂಡು ಹಾಕುವುದು ಕೇಳುತ್ತಿತ್ತು. ಮರ್ಯಾದೆಗೆ ಸಿಕ್ಕಿಬಿದ್ದವನು ತಿಂದ; ತಿಂದು ದಿವಾನದ ಮೇಲೆ ಉರುಳಿಕೊಂಡ.

ಸಂಜೆ ಉಮ್ಮ ಬರಿಗಾಲಲ್ಲಿ ಹಲಗೆಗಳ ಮೇಲೆ ಆಚೆಯಿಂದ ಈಚೆಗೆ ನಡೆದರು. ಅಂಟು ಎಲ್ಲೂ ಕಾಲಿಗೆ ಸಿಗಲಿಲ್ಲ. ನಡುವೆ ನಿಂತು ಕಪ್ಪು ಕಲೆ ತೋರಿಸಿದರು.

"ಇದೆಂತ?"

"ನಿಮ್ಮ ಪುದಿಯಾಪ್ಳೆ."

ಉಮ್ಮ ತಲೆಗೆ ಹೊದ್ದ ತಟ್ಟದ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಗುವಿಗೆ ಭುಜ ಕುಲುಕುತ್ತಿತ್ತು. ಸುಧಾರಿಸಿಕೊಂಡು, "ನಿನ್ನ ಟ್ಯೂಷನ್ ಮಕ್ಕಳಿಗೆ ಚಪ್ಪಲಿ ಕೆಳಗೇ ಬಿಡಲಿಕ್ಕೆ ಹೇಳು" ಎಂದರು.