ಬೂದವ್ವನ ಬಟ್ಟಲು

ಬಟ್ಟಲಿನ ಒಳಮೈಗೆ ಮೊಳೆಯಿಂದ ನಾನೇ ಒಂದು ಗೆರೆ ಗೀರಿದ್ದೆ. ಬೆಳಗ್ಗೆ ಆ ಗೆರೆಯ ತನಕ ನೀರು ತುಂಬಿಸಿಡಬೇಕು, ಮರುದಿನ ಎಷ್ಟು ಇಳಿದಿದೆ ಎಂದು ನೋಡಬೇಕು, ಬೆಕ್ಕು ನೀರು ಕುಡಿಯುತ್ತಿರಬೇಕು ಎಂದು ಹರಿಹರದ ಡಾಕ್ಟರಮ್ಮ ಹೇಳಿದ್ದರು. ಮೊದಲ ದಿನ ಒಂದು ಬೆರಳಷ್ಟು ಇಳಿದಿತ್ತು. ಎಂಟನೆಯ ದಿನ ಬಟ್ಟಲಿನ ತಳ ಕಂಡಿತು. ನನಗೆ ಖುಷಿಯಾಯಿತು. ಆ ಖುಷಿಯನ್ನು ಈಗ ನೆನೆಯಲಾರೆ.

ಬೆಕ್ಕಿನ ಹೆಸರು ಬೂದವ್ವ. ಹದಿನೈದು ವರ್ಷದ ಹಿಂದೆ ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರ ಹಿಂದೆ, ಹೊಟ್ಟಿನ ಬೂದಿ ಗುಡ್ಡೆಯಲ್ಲಿ ಬೆಚ್ಚಗೆ ಮಲಗಿದ್ದ ಮರಿ. ಮೈಬಣ್ಣವೂ ಬೂದಿಯದೇ ಆದ್ದರಿಂದ, ಅದು ಕೂಗುವ ತನಕ ಅಲ್ಲೊಂದು ಜೀವವಿದೆ ಎಂದು ಯಾರಿಗೂ ತಿಳಿದಿರಲಿಲ್ಲ. ನಾನು ಆ ಭಟ್ಟಿಯಲ್ಲಿ ಮೂವತ್ತೊಂದು ವರ್ಷ ದುಡಿದವಳು. ಅಕ್ಕಿ ಚೀಲಗಳಿಗೆ ಇಲಿ ಬಾರದಂತೆ ಅದು ಕಾಯಿತು. ನೆಲಕ್ಕೆ ಚೆಲ್ಲಿದ ಮಂಡಕ್ಕಿಯನ್ನು ಹಾಲಿಗೆ ಹಾಕಿ ನಾನು ಅದನ್ನು ಸಾಕಿದೆ. ಮಂಡಿ ಸೋತು ನಾನು ಕೆಲಸ ಬಿಟ್ಟ ಸಂಜೆ ಅದೂ ನನ್ನ ಹಿಂದೆಯೇ ನಡೆದು ಮನೆಗೆ ಬಂತು. ಆಮೇಲೆ ಭಟ್ಟಿಯ ಕಡೆ ತಿರುಗಿ ನೋಡಲಿಲ್ಲ.

ಈ ಸಲ ಸಂಕ್ರಾಂತಿ ಕಳೆದ ಮೇಲೆ ಬೂದವ್ವ ಬಡವಾಗತೊಡಗಿತು. ಬೆನ್ನೆಲುಬು ಕೈಗೆ ಸಿಗುತ್ತಿತ್ತು. ಕೂದಲು ಗಂಟುಗಟ್ಟಿತು, ಬಾಯಿಂದ ಕೆಟ್ಟ ವಾಸನೆ ಬರುತ್ತಿತ್ತು. ಬಚ್ಚಲಿನ ಒದ್ದೆ ಕಲ್ಲಿನ ಮೇಲೆ ಹೋಗಿ ಮಲಗುವುದನ್ನು ಕಲಿತಿತು. ನನ್ನ ಮಗ ನಿಂಗರಾಜ್ ಲಗೇಜ್ ಆಟೋ ಓಡಿಸುತ್ತಾನೆ, ದಿನಾ ಬೆಳಗ್ಗೆ ಮಂಡಕ್ಕಿ ಚೀಲ ಹೇರಿಕೊಂಡು ಹರಿಹರದ ಅಂಗಡಿಗಳಿಗೆ ಹೋಗುತ್ತಾನೆ. ಅಲ್ಲಿ ಬೆಕ್ಕು ನಾಯಿಗಳನ್ನು ಚೆನ್ನಾಗಿ ನೋಡುವ ಡಾಕ್ಟರಮ್ಮ ಒಬ್ಬರಿದ್ದಾರೆ ಎಂದು ಅವನೇ ಕರೆದುಕೊಂಡು ಹೋದ.

ಡಾಕ್ಟರಮ್ಮನ ಹೆಸರು ಸುಧಾ. ಕುಂದಾಪುರದ ಕಡೆಯವರು. ಬೂದವ್ವನ ಹೊಟ್ಟೆಯನ್ನು ಎರಡು ಕೈಯಿಂದ ಒತ್ತಿ ನೋಡಿ, ರಕ್ತ ತೆಗೆದು, ಎಷ್ಟು ವರ್ಷವಾಯಿತು ಎಂದು ಕೇಳಿದರು.

"ಹದಿನೈದು ತುಂಬೈತ್ರಿ."

"ಬೆಕ್ಕಿನ ವಯಸ್ಸಿನಲ್ಲಿ ನಿಮ್ಮ ವಾರಿಗೆಯವಳೇ ಅಮ್ಮ."

"ಹಂಗಾರ ಅಕಿನ್ನ ನೋಡಿದ ಮ್ಯಾಲ ನನ್ನ ಮಂಡಿನೂ ಒಂದ್ಸಲ ಒತ್ತಿ ನೋಡ್ರಿ."

ಅವರು ನಕ್ಕರು. ರಕ್ತದ ಚೀಟಿ ಬಂದ ಮೇಲೆ ನಗಲಿಲ್ಲ. ಎರಡೂ ಕಿಡ್ನಿ ಸೊರಗಿವೆ, ವಾಸಿಯಾಗುವ ಕಾಯಿಲೆಯಲ್ಲ, ಆದರೆ ಪಥ್ಯ ಸರಿಯಾಗಿ ನಡೆದರೆ ಒಂದು ವರ್ಷ, ಎರಡು ವರ್ಷವೂ ಇದ್ದೀತು ಎಂದರು. ಮೂರು ದಿನಕ್ಕೊಮ್ಮೆ ಕರೆತಂದರೆ ಚರ್ಮದ ಕೆಳಗೆ ಡ್ರಿಪ್ ಕೊಡುತ್ತೇನೆ, ಉಳಿದದ್ದು ನಿಮ್ಮ ಕೈಯಲ್ಲಿದೆ ಎಂದು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರು. ನೀರು ಸದಾ ಮುಂದಿರಲಿ. ಮಾತ್ರೆ ಅರ್ಧ. ಮೆತ್ತಗಿನ ಅನ್ನ, ಬೇಯಿಸಿದ ಮೊಟ್ಟೆಯ ಬಿಳಿ. ಉಪ್ಪು ಬೇಡ. ಆ ಕೊನೆಯ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದಿದ್ದರು.

ಆ ಹಾಳೆಯನ್ನು ಅಡುಗೆಮನೆ ಗೋಡೆಗೆ ಅಂಟಿಸಿ, ದಿನಾ ಬೆಳಗ್ಗೆ ಬೆರಳಿಟ್ಟು ಓದುತ್ತಿದ್ದೆ.

"ನನಗ ಟೈಫಾಯ್ಡ್ ಬಂದಾಗ ಹಿಂಗ ಒಂದಿನಾನೂ ಓದಲಿಲ್ಲ ನೀನು" ಎಂದ ನಿಂಗರಾಜ್.

"ನಿನಗ ಬಂದಾಗ ನಾನಿನ್ನೂ ರಾತ್ರಿ ಶಾಲಿ ಸೇರಿದ್ದಿಲ್ಲಪ್ಪ. ಈಗ ಜ್ವರ ಬರಿಸ್ಕ, ಓದ್ತೀನಿ."

ಉಪ್ಪಿನ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿದೆ. ಉಂಡ ತಟ್ಟೆಯನ್ನು ಕೆಳಗೆ ಬಿಡಲಿಲ್ಲ. ಒಂದು ಸಂಜೆ ನಿಂಗರಾಜ್ ಮಿರ್ಚಿ ತಿನ್ನುತ್ತ ಒಂದು ಚೂರು ಬೂದವ್ವನ ಮುಂದೆ ಎಸೆದಾಗ ಅವನ ಕೈ ಮೇಲೆ ಹೊಡೆದೆ. "ಉಪ್ಪೈತೆ ಅದರಾಗ. ಕೊಲ್ಲಬೇಕಂತ ಮಾಡೀಯೇನು?" ಎಂದೆ.

ನಮ್ಮ ಮನೆಯಲ್ಲಿ ಮೊಟ್ಟೆ ಬೇಯಿಸುವುದಿಲ್ಲ. ಭಟ್ಟಿಯ ಫಿರ್ದೌಸ್ ತನ್ನ ಮನೆಯಲ್ಲಿ ಬೇಯಿಸಿ, ಬಿಳಿಯನ್ನು ಮಾತ್ರ ಬಾಳೆಎಲೆಯಲ್ಲಿ ಸುತ್ತಿ ತರುತ್ತಿದ್ದಳು. ನನ್ನ ಕೈಕೆಳಗೆ ಕೆಲಸ ಕಲಿತವಳು ಅವಳು, ನನ್ನನ್ನು ದೊಡ್ಡವ್ವ ಎನ್ನುತ್ತಾಳೆ. ಬೂದವ್ವ ಮೊಟ್ಟೆಯನ್ನು ಮೂಸಿ ಮುಖ ತಿರುಗಿಸಿತು. ಅನ್ನವನ್ನೂ ಮುಟ್ಟಲಿಲ್ಲ. ಎರಡು ದಿನ ಉಪವಾಸ ಮಲಗಿತು.

"ನಿಮ್ಮ ಜೋಡಿ ಇದ್ದೂ ಇದ್ದೂ ಇದಕ್ಕೂ ಸೋಮವಾರದ ವ್ರತ ಹತ್ತೈತೆ ದೊಡ್ಡವ್ವ" ಎಂದಳು ಫಿರ್ದೌಸ್.

ಮೂರನೆಯ ದಿನ ನಾನು ಮಂಡಕ್ಕಿಯನ್ನು ಬಿಸಿನೀರಿನಲ್ಲಿ ನೆನೆಸಿ ಹಿಂಡಿ ಇಟ್ಟೆ. ನನ್ನ ಗಂಡನಿಗೆ ಜ್ವರ ಬಂದಾಗ, ಮಗಳು ಹೆತ್ತು ಮಲಗಿದಾಗ, ಯಾರ ಬಾಯಿಗೆ ಏನೂ ಸೇರದಿದ್ದರೂ ನಾನು ಕೊಡುತ್ತಿದ್ದದ್ದು ಅದೇ. ಅದಕ್ಕಿಂತ ಸಪ್ಪೆಯಾದದ್ದು, ಹಗುರಾದದ್ದು ನನಗೆ ಗೊತ್ತಿರಲಿಲ್ಲ. ಬೂದವ್ವ ತಲೆ ಎತ್ತಿ ಎಲ್ಲವನ್ನೂ ತಿಂದಿತು, ತಟ್ಟೆಯನ್ನೂ ನೆಕ್ಕಿತು. ಆಮೇಲೆ ಬಟ್ಟಲಿನ ಹತ್ತಿರ ಹೋಗಿ ನೀರು ಕುಡಿಯಿತು, ಬಹಳ ಹೊತ್ತು ಕುಡಿಯಿತು.

ಡ್ರಿಪ್ಪಿಗೆ ಹೋದಾಗ ಡಾಕ್ಟರಮ್ಮನಿಗೆ ಹೇಳಿದೆ. ಮಂಡಕ್ಕಿ ಹಗುರ, ಪರವಾಗಿಲ್ಲ ಎಂದರು. ಅವರನ್ನು ನಾನು ದೂರುವುದಿಲ್ಲ. ಮಂಡಕ್ಕಿ ತಿನ್ನುವವರಿಗೆಲ್ಲ ಅದು ಹೇಗಾಗುತ್ತದೆ ಎಂದು ಗೊತ್ತಿರಬೇಕಾಗಿಲ್ಲ.

ಬಟ್ಟಲು ದಿನವೂ ಖಾಲಿಯಾಗತೊಡಗಿತು. ಗೆರೆಯನ್ನು ಮೇಲಕ್ಕೆ ಗೀರಿದೆ, ಆಗಲೂ ಖಾಲಿ. ಬಕೆಟ್ಟಿನ ಅಂಚಿಗೆ ಮುಂಗಾಲಿಟ್ಟು ಕುಡಿಯಿತು. ಪೂಜೆಗಿಟ್ಟ ತಂಬಿಗೆಗೆ ಬಾಯಿ ಹಾಕಿತು. ಬೈಯಲಿಲ್ಲ, ಕುಡಿ ತಾಯಿ ಎಂದೆ. ಆದರೂ ಮೈ ತುಂಬಲಿಲ್ಲ. ಎತ್ತಿಕೊಂಡರೆ ಖಾಲಿ ಚೀಲದಂತಿರುತ್ತಿತ್ತು.

ಆಮೇಲೆ ಕಣ್ಣು. ಒಂದು ಮಧ್ಯಾಹ್ನ ಬೂದವ್ವ ಅಂಗಳದ ಬಿಸಿಲಿನಲ್ಲಿ ಕೂತಿತ್ತು. ಬಿಸಿಲಿಗೆ ಬೆಕ್ಕಿನ ಕಣ್ಣು ಗೆರೆಯಂತೆ ಕಿರಿದಾಗಬೇಕು. ಅದರ ಕಣ್ಣು ಮಾತ್ರ ಅಷ್ಟಗಲ ಕಪ್ಪಾಗಿ ತೆರೆದೇ ಇತ್ತು. ರೆಪ್ಪೆ ಮಿಟುಕಿಸದೆ ಗೋಡೆಯ ಮೂಲೆಯನ್ನು ನೋಡುತ್ತಿತ್ತು. ಅಲ್ಲಿ ಏನೂ ಇರಲಿಲ್ಲ.

"ಯಾಕ ಹಂಗ ನೋಡ್ತೈತಿ ಅದು?" ಎಂದು ಫಿರ್ದೌಸ್ ದನಿ ಇಳಿಸಿ ಕೇಳಿದಳು. "ನಮಗ ಕಾಣದ್ದು ಏನೋ ಕಾಣ್ತೈತಿ ಅದಕ್ಕ."

"ಸುಮ್ನಿರಮ್ಮ."

ಬೂದವ್ವ ಎದ್ದು ಒಳಗೆ ನಡೆಯಿತು. ಹದಿನೈದು ವರ್ಷದಲ್ಲಿ ಮೊದಲ ಸಲ ಹೊಸ್ತಿಲಿಗೆ ಮುಖ ಡಿಕ್ಕಿ ಹೊಡೆದು ನಿಂತಿತು. ಅದಕ್ಕೆ ಏನೋ ಕಾಣುತ್ತಿದೆ ಎಂದಲ್ಲ, ಏನೂ ಕಾಣುತ್ತಿಲ್ಲ ಎಂದು ನನಗೆ ಆಗ ತಿಳಿಯಿತು.

ಡಾಕ್ಟರಮ್ಮ ಟಾರ್ಚ್ ಬಿಟ್ಟು ನೋಡಿದರು. ಬಿಪಿ ಏರಿ ಕಣ್ಣಿನ ಪರದೆ ಕಿತ್ತುಬಂದಿದೆ ಎಂದರು. ರಕ್ತದ ಚೀಟಿಯಲ್ಲೂ ಮೊದಲಿಗಿಂತ ಕೆಟ್ಟದ್ದೇ ಬಂದಿತ್ತು. ಅವರು ಎರಡೂ ಚೀಟಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿದರು.

"ಇಷ್ಟು ಬೇಗ ಹೀಗಾಗಬಾರದಿತ್ತು ಅಮ್ಮ. ಮನೆಯಲ್ಲಿ ಎಲ್ಲಿಂದಾದರೂ ಉಪ್ಪು ಸಿಗ್ತಾ ಇದೆಯಾ ಇದಕ್ಕೆ?"

"ಇಲ್ರಿ. ಒಂದು ಹರಳೂ ಇಲ್ಲ. ನನ್ನ ಕೈಲೇ ತಿನ್ನಿಸೋದು."

"ಪಕ್ಕದ ಮನೆಯವರು?"

"ಅಂಗಳ ದಾಟಾಕ ಬಿಡೋದೇ ಇಲ್ರಿ."

ಅದು ಸುಳ್ಳಲ್ಲ. ಅಷ್ಟು ಖಾತ್ರಿಯಿಂದ ನಾನು ಜೀವಮಾನದಲ್ಲಿ ಯಾವ ಮಾತನ್ನೂ ಹೇಳಿರಲಿಲ್ಲ.

ಮರುದಿನ ಬೆಳಗ್ಗೆ ನೆನೆಸಿದ ಮಂಡಕ್ಕಿ ತಿನ್ನಿಸಿ ಭಟ್ಟಿಗೆ ಹೊರಟೆ. ಕಣ್ಣು ಹೋದ ಮೇಲೆ ಬೂದವ್ವನಿಗೆ ಅಂಗಳಕ್ಕೆ ಹೋಗಿ ಒಂದಕ್ಕೆ ಮಾಡಲು ಆಗುತ್ತಿರಲಿಲ್ಲ. ಒಂದು ಅಗಲದ ತಗಡಿನ ಡಬ್ಬಿಗೆ ಮರಳು ತುಂಬಿಡಬೇಕಿತ್ತು. ಭಟ್ಟಿಯಲ್ಲಿ ಹುರಿದು ಹುರಿದು ಕಪ್ಪಾದ ಮರಳನ್ನು ಹೇಗೂ ಹೊರಗೆ ಸುರಿಯುತ್ತಾರೆ.

ಫಿರ್ದೌಸ್ ದೊಡ್ಡ ಬೋಗುಣಿಯ ಮುಂದೆ ಕೂತಿದ್ದಳು. ಹುರಿಯುವ ಮುಂಚೆ ಅಕ್ಕಿಗೆ ಕಲಸುವ ನೀರನ್ನು ಅವಳು ಹದ ಮಾಡುತ್ತಿದ್ದಳು. ನಾನಿದ್ದಾಗ ಆ ಕೆಲಸ ನನ್ನದು. ನೀರನ್ನು ನಾಲಿಗೆಯಿಂದಲೇ ನೋಡಿ ಹೇಳುತ್ತಿದ್ದೆ. ನಾನು ಸರಿ ಎಂದ ನೀರಿನ ಮಂಡಕ್ಕಿ ಮಲ್ಲಿಗೆಯಂತೆ ಅರಳುತ್ತದೆ ಎಂದು ಮಾಲೀಕರು ಬೇರೆ ಭಟ್ಟಿಯವರ ಮುಂದೆ ಹೇಳಿಕೊಳ್ಳುತ್ತಿದ್ದರು.

"ಬಂದ್ರಲ್ಲ, ಚಲೋ ಆತು. ಇದು ಸಾಕೇನು ನೋಡ್ರಿ ದೊಡ್ಡವ್ವ, ನನಗ ನೆಗಡಿ, ನಾಲಿಗಿ ಸತ್ತೈತಿ."

ಬೆರಳು ಅದ್ದಿ ಬಾಯಿಗಿಟ್ಟುಕೊಂಡೆ.

"ಇನ್ನೊಂದು ಹಿಡಿ ಹಾಕು" ಎಂದೆ.

ಅವಳು ಹಾಕಿದಳು. ನಾನು ಮರಳು ತುಂಬಿಸಿಕೊಂಡು, ಚೀಲವನ್ನು ಸೊಂಟಕ್ಕೆ ಏರಿಸಿಕೊಂಡು ಹೊರಟೆ. ಅದೇ ಸಾಲಿನ ಮೂರನೆಯ ಭಟ್ಟಿಯ ತನಕ ನಡೆದಿದ್ದೆ. ನಾಲಿಗೆಯ ಮೇಲೆ ಆ ರುಚಿ ಇನ್ನೂ ಇತ್ತು. ಕಾಲು ಅಲ್ಲೇ ನಿಂತಿತು.

ಮೂವತ್ತೊಂದು ವರ್ಷ. ದಿನಕ್ಕೆ ಎಷ್ಟು ಬೋಗುಣಿ, ಬೋಗುಣಿಗೆ ಎಷ್ಟು ಹಿಡಿ ಉಪ್ಪು. ಆ ಕೈಯಿಂದಲೇ ಬೆಳಗ್ಗೆ ಸಂಜೆ ನೆನೆಸಿ, ಹಿಂಡಿ, ಉಂಡೆ ಮಾಡಿ ಅದರ ಬಾಯಿಗಿಟ್ಟಿದ್ದೆ. ಉಪ್ಪು ಬೇಡ ಎಂಬ ಸಾಲನ್ನು ಬೆರಳಿಟ್ಟು ಓದಿ, ಅದೇ ಬೆರಳಿನಿಂದ ಇಟ್ಟಿದ್ದೆ. ಬಾಯಾರಿ ಬಾಯಾರಿ ಅದು ಬಟ್ಟಲು ಖಾಲಿ ಮಾಡಿದರೆ ಗುಣವಾಗುತ್ತಿದೆ ಎಂದುಕೊಂಡಿದ್ದೆ.

ಮರಳಿನ ಚೀಲವನ್ನು ಅಲ್ಲೇ ಇಟ್ಟು ವಾಪಸ್ ಹೋದೆ. ನನ್ನ ಮುಖ ನೋಡಿ ಫಿರ್ದೌಸ್ ಎದ್ದು ನಿಂತಳು. ಹೇಳಿದೆ. ಅವಳು ಬೋಗುಣಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ನನಗೂ ಹೊಳಿಲಿಲ್ಲಲ್ಲ ದೊಡ್ಡವ್ವ" ಎಂದಳು. "ದಿನಾ ಇದರಾಗ ಕೈ ಇಡಾಕಿ ನಾನು."

ಡಾಕ್ಟರಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿದೆ. "ಇವತ್ತಿನಿಂದ ನಿಲ್ಲಿಸಿಬಿಡಿ ಅಮ್ಮ" ಎಂದರು. "ಈಗ ನೀರು ಕುಡಿಯೋದು ಸ್ವಲ್ಪ ಇಳಿದರೆ ಒಳ್ಳೆಯದೇ. ಪೂರ್ತಿ ನಿಂತರೆ ಮಾತ್ರ ಕೂಡಲೇ ಕರ್ಕೊಂಡು ಬನ್ನಿ. ತಿನ್ನದೆ ಇರೋಕೂ ಬಿಡಬೇಡಿ."

ಆದರೆ ಬೂದವ್ವ ಬೇರೇನನ್ನೂ ತಿನ್ನಲಿಲ್ಲ. ಅನ್ನ, ಮೊಟ್ಟೆ, ಹರಿಹರದಿಂದ ತಂದ ಪೊಟ್ಟಣದ ಆಹಾರ, ಎಲ್ಲಕ್ಕೂ ಬಾಯಿ ಬಿಗಿಹಿಡಿಯಿತು. ಕುರುಡು ಕಣ್ಣನ್ನು ನನ್ನ ಕಡೆ ತಿರುಗಿಸಿ ಮಂಡಕ್ಕಿ ಡಬ್ಬಿ ಇದ್ದ ಮೂಲೆಗೆ ಹೋಗಿ ಕೂಗುತ್ತಿತ್ತು. ಸಂಜೆಯ ತನಕ ಕೂಗಿತು. ದನಿ ಬಿದ್ದ ಮೇಲೂ ಬಾಯಿ ತೆರೆದು ಮುಚ್ಚುತ್ತಿತ್ತು.

ನಾನು ಫಿರ್ದೌಸಳ ಹತ್ತಿರ ಹೋದೆ. "ಉಪ್ಪಿಲ್ಲದ ಒಂದು ಪಾವು ಹುರಿದು ಕೊಡು."

"ಉಪ್ಪಿಲ್ದ ಅರಳಂಗಿಲ್ಲ. ನಿಮಗ ಗೊತ್ತಿಲ್ಲೇನು?"

"ಗೊತ್ತೈತೆ. ಹುರಿ."

ಹಳೆಯ ಮರಳಿಗೂ ಉಪ್ಪು ಹತ್ತಿರುತ್ತದೆ ಎಂದು ಅವಳು ಹೊಸ ಮರಳನ್ನು ತೊಳೆದು ಕಾಯಿಸಿದಳು. ಬರೀ ನೀರು ಚಿಮುಕಿಸಿದ ಅಕ್ಕಿ ಹಾಕಿದಳು. ಕಾಳು ಪಟಪಟ ಎನ್ನಲಿಲ್ಲ. ಕೆಲವು ಅರ್ಧ ಬಿರಿದವು, ಹಲವು ಕಂದಿದವು. ನಾನು ಬಿರಿದವನ್ನು ಮಾತ್ರ ಆರಿಸಿ, ಬೇಯಿಸಿ ಮೆತ್ತಗೆ ಮಾಡಿ ತಂದಿಟ್ಟೆ. ಬೂದವ್ವ ಮೂಸಿತು. ಸ್ವಲ್ಪ ತಿಂದಿತು.

ಮೂರು ದಿನ ಹಾಗೆ ನಡೆಯಿತು. ನೀರು ಮೊದಲ ದಿನ ಬಟ್ಟಲಿನ ಅರ್ಧಕ್ಕೆ ಇಳಿದಿತ್ತು, ಎರಡನೆಯ ದಿನ ಮೂರು ಬೆರಳು, ಮೂರನೆಯ ದಿನ ಎರಡೇ ಬೆರಳು. ನಿಂಗರಾಜ್ ಬಗ್ಗಿ ನೋಡಿ, "ಹದಕ್ಕ ಬಂತಲ್ಲವ್ವ" ಎಂದ. ಬಟ್ಟಲನ್ನು ನೋಡಿ ಖುಷಿಪಡುವುದಕ್ಕೆ ನನಗೆ ಹೆದರಿಕೆಯಾಗಿತ್ತು.

ನಾಲ್ಕನೆಯ ಬೆಳಗ್ಗೆ ನೀರು ಗೆರೆಗೆ ಸರಿಯಾಗಿ ನಿಂತಿತ್ತು. ಒಂದು ಹುಲ್ಲುಕಡ್ಡಿಯಷ್ಟೂ ಇಳಿದಿರಲಿಲ್ಲ. ಮೇಲೆ ತೆಳ್ಳಗೆ ಧೂಳು ಕೂತಿತ್ತು. ಬೂದವ್ವ ಬಟ್ಟಲಿನ ಪಕ್ಕದಲ್ಲೇ ಮಲಗಿತ್ತು, ಗಲ್ಲ ಅಂಚಿಗೆ ತಾಗಿತ್ತು.

ನಿಂಗರಾಜ್ ಆಗಲೇ ಆಟೋಗೆ ಮಂಡಕ್ಕಿ ಚೀಲ ಹೇರಿದ್ದ. ಇಳಿಸಲು ಹೊತ್ತಿಲ್ಲ, ಹಾಗೇ ಹೋಗೋಣ ಎಂದ. ಹಿಂದೆ ಹಿಡಿಸದ ಒಂದು ಚೀಲ ನನ್ನ ಕಾಲ ಹತ್ತಿರ ನಿಂತಿತ್ತು. ಬೂದವ್ವನನ್ನು ಹಳೆಯ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡೆ. ಊರು ದಾಟುವ ತನಕ ಅದು ಅಲುಗಲಿಲ್ಲ. ದೊಡ್ಡಬಾತಿ ಹತ್ತಿರ ಬಂದಾಗ ಮೂಗು ಮೆಲ್ಲಗೆ ಚೀಲದ ಕಡೆ ತಿರುಗಿತು. ಬಾಯಿ ತೆರೆಯಿತು. ದನಿ ಬರಲಿಲ್ಲ.

ನಾನು ಸೆರಗನ್ನು ಅಡ್ಡ ಹಿಡಿದೆ. ಅದು ಸೆರಗಿನೊಳಗಿಂದಲೇ ಮೂಗು ಆಡಿಸಿತು.

"ಡಾಕ್ಟರು ಬ್ಯಾಡ ಅಂದಾರಲ್ಲವ್ವ" ಎಂದ ನಿಂಗರಾಜ್, ರಸ್ತೆಯಿಂದ ಕಣ್ಣು ತೆಗೆಯದೆ. ನಾನು ಇನ್ನೂ ಏನೂ ಮಾಡಿರಲಿಲ್ಲ.

ಚೀಲದ ಹೊಲಿಗೆಯ ಸಂದಿಯಿಂದ ಒಂದು ಕಾಳು ಎಳೆದೆ. ನನ್ನ ಬಾಯಿಗೆ ಹಾಕಿಕೊಂಡು, ಉಪ್ಪನ್ನೆಲ್ಲ ಹೀರಿ ನುಂಗಿ, ಉಳಿದ ಮೆತ್ತನೆಯದನ್ನು ಬೆರಳ ತುದಿಯಲ್ಲಿ ಅದರ ಬಾಯಿಗೆ ಹಿಡಿದೆ. ನಾಲಿಗೆ ಒಂದು ಸಲ ಹೊರಗೆ ಬಂದು ಬೆರಳಿಗೆ ತಾಗಿತು. ಒರಟಾಗಿ, ಒಣಗಿ, ಮರಳಿನಂತಿತ್ತು. ಮತ್ತೆ ಬರಲಿಲ್ಲ. ಬೆರಳಿಗೆ ಉಸಿರು ಮಾತ್ರ ತಾಗುತ್ತಿತ್ತು. ಅದನ್ನು ಎಣಿಸುತ್ತ ಕೂತೆ.

ಹರಿಹರ ಇನ್ನೂ ಬಂದಿರಲಿಲ್ಲ. ಎಣಿಸುತ್ತಿದ್ದದ್ದು ನಡುವೆ ಎಲ್ಲೋ ನಿಂತಿತು.

"ಐದು ನಿಮಿಷವ್ವ, ಬಂದೇಬಿಡ್ತು" ಎಂದು ನಿಂಗರಾಜ್ ಗಾಡಿಯನ್ನು ಜೋರು ಮಾಡಿದ.

"ನಿಧಾನ ಹೊಡಿಯಪ್ಪ" ಎಂದೆ. "ಅವಸರ ಇಲ್ಲ."

ಅವನು ತಿರುಗಿ ನನ್ನ ತೊಡೆಯನ್ನು ನೋಡಿದ. ನಾನು ಬೆರಳನ್ನು ತೆಗೆದು ನನ್ನ ಬಾಯಿಗಿಟ್ಟುಕೊಂಡೆ. ಎಷ್ಟು ಹೀರಿದ್ದರೂ ಅದರಲ್ಲಿ ಇನ್ನೂ ಉಪ್ಪಿತ್ತು.