ತೋಳಿನ ಎರಡು ಕಡ್ಡಿ

ಸಾವಿನ ಮನೆಯಾದರೂ ಮಕ್ಕಳಿಗೆ ಗಂಜಿ ಬೇಕಲ್ಲ. ತಸಲ್ಲಾ ಸಜ್ಜೆ ಕುಟ್ಟಲು ಒನಕೆ ಎತ್ತಿದ್ದಳಷ್ಟೆ, ಚಾಪೆಯ ಮರೆಯಿಂದ ಮುದುಕಿಯ ಕರೆ ಬಂತು.

"ಬಾರೇ, ನೀರು ಕಾದಿದೆ. ನಿನ್ನ ಓರಗಿತ್ತಿಗೆ ನೀನಲ್ದೆ ಇನ್ಯಾರು ನೀರು ಹಾಕ್ತಾರೆ?"

ನಿನ್ನೆ ಸಂಜೆ ಈರುಳ್ಳಿ ಪಾತಿಯಲ್ಲಿ ಓರಗಿತ್ತಿ ಲರಬಾಳ ಕಾಲಿಗೆ ಹಾವು ಕಚ್ಚಿತ್ತು. ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ನೈಜರ್ ಸೀಮೆಯ ಆ ಊರಲ್ಲಿ ಬಿಸಿಲೇರುವ ಮೊದಲೇ ಮಣ್ಣು ಮಾಡುತ್ತಾರೆ.

ಮೈ ತೊಳೆಸುವ ಮುದುಕಿ ಹುರೇ, ಲರಬಾಳ ಎಡತೋಳು ಉಜ್ಜುತ್ತಿದ್ದವಳು ಕೈ ನಿಲ್ಲಿಸಿದಳು. ಚರ್ಮದಡಿ ಬೆಂಕಿಕಡ್ಡಿಯಂಥ ಎರಡು ಕಡ್ಡಿಗಳು. ತಲೆಯೆತ್ತಿ ತಸಲ್ಲಾಳನ್ನು ನೋಡಿದಳು. ತಸಲ್ಲಾ ತನ್ನ ಎಡತೋಳಿನ ಮೇಲೆ ಹೊದಿಕೆ ಎಳೆದುಕೊಂಡಳು.

"ಹಾವು ಕಚ್ಚಿದ್ದು ಕಾಲಿಗೆ. ತೋಳಿನ ಮಾತು ನಮಗ್ಯಾಕೆ," ಎಂದು ಮುದುಕಿ ನೀರು ಸುರಿದಳು.

ಅಷ್ಟರಲ್ಲಿ ನೀರಿನ ಕೊಡ ತಂದ ಲರಬಾಳ ಏಳು ವರ್ಷದ ಮಗಳು ಕಾಂಡೇ ತಾಯಿಯ ತೋಳು ಸವರುತ್ತಿದ್ದಳು. "ಚಿಕ್ಕಮ್ಮ, ಇದು..."

"ಆಮೇಲೆ, ಮಗೂ."

*

ಎರಡು ವರ್ಷದ ಹಿಂದೆ ಐದನೆಯ ಹೆರಿಗೆಯಲ್ಲಿ ಲರಬಾ ಸತ್ತು ಬದುಕಿದ್ದಳು. ಇನ್ನು ಕೆಲವು ವರ್ಷ ಬೇಡ ಎಂದಿದ್ದಕ್ಕೆ ಗಂಡ, "ಅಲ್ಲಾ ಕೊಡೋದನ್ನ ಬೇಡ ಅನ್ನೋಕೆ ನೀನ್ಯಾರು? ಅಂಥದ್ದೇನಾದ್ರೂ ಮಾಡಿಸ್ಕೊಂಡ್ರೆ ಹಾಗೇ ತವರಿಗೆ ನಡಿ," ಎಂದಿದ್ದ. ತಸಲ್ಲಾಳ ಗಂಡ ಅಣ್ಣನ ಮಾತಿಗೆ ತಲೆಯಾಡಿಸಿ, "ನಿನಗೂ ಅಷ್ಟೆ," ಎಂದಿದ್ದ.

ಸಂತೆಯ ದಿನ ಇಬ್ಬರೂ ಈರುಳ್ಳಿ ಬುಟ್ಟಿ ಹೊತ್ತು ಆಸ್ಪತ್ರೆಗೆ ಹೋದರು.

"ಗಂಡನ್ನ ಕರ್ಕೊಂಡ್ ಬನ್ನಿ," ಎಂದಳು ನರ್ಸು.

ಲರಬಾ ಹೊರಗೆ ಹೋಗಿ ಒಬ್ಬ ಕತ್ತೆಗಾಡಿಯವನನ್ನು ಕರೆತಂದಳು. ಅರ್ಧ ಬುಟ್ಟಿ ಈರುಳ್ಳಿಗೆ ಅವನು ಗಂಡನಾಗಲು ಒಪ್ಪಿದ್ದ.

"ಇಬ್ಬರಿಗೂ ಇವನೇನಾ?"

"ಹೂಂ ನರ್ಸಮ್ಮ. ಇನ್ನಿಬ್ಬರು ಹೆಂಡ್ತೀರು ಮನೇಲಿದ್ದಾರೆ."

ಗಾಡಿಯವನು ಬೆವರು ಒರೆಸಿಕೊಂಡ. ತೋಳಿನಲ್ಲಿ ಕಡ್ಡಿ ಇಟ್ಟದ್ದಾಯಿತು. ಐದು ವರ್ಷ ಬಸಿರಿನ ಭಯವಿಲ್ಲ. ದಾರಿಯುದ್ದಕ್ಕೂ ಇಬ್ಬರೂ ಪಟ್ಟಿ ಕಟ್ಟಿದ ತೋಳು ಹಿಡಿದುಕೊಂಡು ನಕ್ಕಿದ್ದರು.

*

ಗಂಡಸರು ಶವ ಹೊತ್ತು ಹೋದ ಮೇಲೆ ಹೆಂಗಸರು ಅಂಗಳದ ಚಾಪೆಗಳ ಮೇಲೆ ಕೂತರು.

"ಯಾರೋ ಅವಳ ಬಸಿರು ಕಟ್ಟಿಹಾಕಿದ್ರು," ಎಂದಳು ಅತ್ತೆ. "ಎಷ್ಟು ಬೇರು ಅರೆದು ಕೊಟ್ಟೆ."

"ಕುಡೀತಿದ್ಳಾ?" ಎಂದಳು ಪಕ್ಕದ ಮನೆಯವಳು.

"ಒಂದು ತೊಟ್ಟೂ ಬಿಡ್ತಿರ್ಲಿಲ್ಲ, ಪಾಪ."

ಆ ಕಷಾಯವನ್ನೆಲ್ಲ ಕುಡಿದದ್ದು ಹಿತ್ತಿಲ ಮೇಕೆ ಎಂಬುದು ತಸಲ್ಲಾಳಿಗೆ ಮಾತ್ರ ಗೊತ್ತಿತ್ತು. ಮೇಕೆ ಆ ವರ್ಷ ಅವಳಿ ಈದಿತ್ತು. ನಗು ಬಂದು, ಜೊತೆಗೆ ನಗಲು ಯಾರೂ ಇಲ್ಲವೆಂದು ಹೊಳೆದು, ಅವಳಿಗೆ ಮೊದಲ ಸಲ ಅಳು ಬಂತು.

"ಸಣ್ಣ ಸೊಸೆಗೂ ಅದೇ ಗಾಳಿ ಸೋಕಿರೋ ಹಾಗಿದೆಯಲ್ಲ," ಎಂದಳು ಪಕ್ಕದ ಮನೆಯವಳು.

"ನಾಳೆಯಿಂದ ಇವಳಿಗೂ ಅರೀತೀನಿ. ನನ್ನ ಕಣ್ಣೆದುರಿಗೇ ಕುಡೀಬೇಕು."

ಮಣ್ಣು ಮಾಡಿದ ಗಂಡಸರು ಹಿಂದಿರುಗಿ ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದರು. ಕಾಂಡೇ ಬಂದು ತಸಲ್ಲಾಳ ಮಡಿಲಲ್ಲಿ ಮಲಗಿದಳು. ಅವಳ ಪುಟ್ಟ ಕೈ ಹೊದಿಕೆಯೊಳಗೆ ನುಸುಳಿ, ಎಡತೋಳಿಗೆ ಏರಿ, ಅಲ್ಲಿ ನಿಂತಿತು. ಆ ಕೈಯನ್ನು ತೆಗೆಯಬೇಕಿತ್ತು. ತಾಯಿಯನ್ನು ಹುಡುಕಿಕೊಂಡು ಬಂದ ಕೈ. ತಸಲ್ಲಾ ತೆಗೆಯಲಾರದೆ ಹೋದಳು.

"ಚಿಕ್ಕಮ್ಮ," ಮಗು ಎದ್ದು ಕೂತು ಎಲ್ಲರಿಗೂ ಕೇಳುವ ಹಾಗೆ ಕೇಳಿತು, "ಅಮ್ಮನ ತೋಳಲ್ಲಿದ್ದ ಕಡ್ಡಿ ನಿನ್ನ ತೋಳಲ್ಲೂ ಇದೆಯಲ್ಲ, ಯಾರು ಇಟ್ಟಿದ್ದು?"