ಬಹುವಚನ

"ಲಿಂಗ?" ಎಂದು ಕೇಳಿದ ಕೂಡಲೇ ಉಚ್ಚೆಂಗೆಮ್ಮ ಕೊರಳು ಮುಟ್ಟಿ ನೋಡಿಕೊಂಡಳು. "ಇಲ್ರೀ ಮೇಷ್ಟ್ರೆ. ನಮ್ಮ ಮನ್ಯಾಗ ಲಿಂಗ ಕಟ್ಟಂಗಿಲ್ಲ."

"ಆ ಲಿಂಗ ಅಲ್ಲಮ್ಮ. ಗಂಡೋ, ಹೆಣ್ಣೋ ಅಂತ."

"ಅಯ್ಯ! ಕಣ್ಣಿಗೆ ಕಾಣಂಗಿಲ್ಲೇನು ನಿಮಗ?"

ಮೇಷ್ಟ್ರಿಗೆ ಕಾಣುತ್ತಿತ್ತು. ಕಾಣುವುದರ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ, ಅಷ್ಟೇ. 'ಸ್ತ್ರೀ' ಎಂಬ ಚೌಕದಲ್ಲಿ ಗುರುತು ಹಾಕಿ, ಮುದುಕಿಯ ಹೆಬ್ಬೆಟ್ಟು ಒತ್ತಿಸಿಕೊಂಡು, ಓಣಿಯ ಮುಂದಿನ ಮನೆಗೆ ನಡೆದರು.

ಕೊಟ್ಟೂರಪ್ಪ ಮೇಷ್ಟ್ರು ಕುರುಗೋಡಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವರು. ಮತದಾರರ ಪಟ್ಟಿಯ ಕೆಲಸ ಸರ್ಕಾರ ತಲೆಗೆ ಕಟ್ಟಿದ್ದು. ಈ ಸಲದ ಅರ್ಜಿಯಲ್ಲಿ ಪುರುಷ, ಸ್ತ್ರೀ ಆದ ಮೇಲೆ ಮೂರನೆಯದೊಂದು ಚೌಕ ಬಂದಿತ್ತು: ಇತರೆ. ತರಬೇತಿಯಲ್ಲಿ ಇದನ್ನು ಓದಿ ಹೇಳಿದಾಗ ನಲವತ್ತು ಜನ ಮೇಷ್ಟ್ರುಗಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಕೊಟ್ಟೂರಪ್ಪನವರೂ ನಕ್ಕಿದ್ದರು, ಎಲ್ಲರಿಗಿಂತ ಒಂದಿಷ್ಟು ಜೋರಾಗಿ.

ಸಿರುಗುಪ್ಪದಿಂದ ವರ್ಗವಾಗಿ ಬಂದಿದ್ದರಿಂದ ಅವರ ಹೆಸರೂ ಇಲ್ಲಿ ಹೊಸದಾಗಿ ಸೇರಬೇಕಿತ್ತು. ತರಬೇತಿ ಮುಗಿದ ಸಂಜೆಯೇ ತಮ್ಮ ಅರ್ಜಿ ತುಂಬಿದ್ದರು. ಇತರೆ ಎಂಬಲ್ಲಿ ಗುರುತು ಹಾಕಿದ್ದರು. ಹದಿನೈದು ದಿನದಿಂದ ಅದು ಚೀಲದ ತಳದಲ್ಲಿತ್ತು. ಇವತ್ತು ಕೊನೆಯ ದಿನ. ಇವತ್ತು ಕೊಡದಿದ್ದರೆ ಈ ಜನ್ಮದಲ್ಲಿ ಇನ್ನು ಕೊಡುವುದಿಲ್ಲವೆಂದು ಅವರಿಗೆ ಖಾತ್ರಿಯಿತ್ತು.

ಹೆಣ್ಣಾಗಬೇಕೆಂದು ಬಯಸಿದವರಲ್ಲ ಅವರು. ಸೀರೆಯ ಆಸೆಯಿಲ್ಲ, ಬಳೆಯ ಆಸೆಯಿಲ್ಲ. ಗಂಡೆಂದು ಯಾರಾದರೂ ಕರೆದರೆ ಮಾತ್ರ, ಬೆನ್ನ ಹಿಂದಿರುವ ಬೇರೆ ಯಾರನ್ನೋ ಕರೆದಂತಾಗುತ್ತಿತ್ತು. ಚಿಕ್ಕಂದಿನಲ್ಲಿ ಸಾಲೆಯ ಜೊತೆಯ ಹುಡುಗರು ಇದನ್ನು ಹೇಗೋ ಮೂಸಿ ಕಂಡುಹಿಡಿದಿದ್ದರು. 'ಅವನು' ಅನ್ನುತ್ತಿರಲಿಲ್ಲ, 'ಅವಳು' ಅನ್ನುತ್ತಿರಲಿಲ್ಲ. "ಅದು ಬಂತು ನೋಡ್ರಲೇ." "ಅದಕ್ಕ ಚೆಂಡು ಕೊಡಬ್ಯಾಡ್ರಲೇ." ಎಮ್ಮೆಗೂ ಅದು, ಹಲಗೆಗೂ ಅದು, ಕೊಟ್ಟೂರಪ್ಪನಿಗೂ ಅದು.

ಮೇಷ್ಟ್ರಾದದ್ದೇ ಆ ಕಾರಣಕ್ಕೆ. ಮೇಷ್ಟ್ರನ್ನು ಊರು ಬಹುವಚನದಲ್ಲಿ ಕರೆಯುತ್ತದೆ: ಬಂದರು, ಕೂತರು, ಹೋದರು. ಆ 'ರು'ವಿನೊಳಗೆ ಗಂಡೂ ಇಲ್ಲ, ಹೆಣ್ಣೂ ಇಲ್ಲ. ಇಪ್ಪತ್ತು ವರ್ಷ ಅದರೊಳಗೆ ಬಾಡಿಗೆದಾರರ ಹಾಗೆ ಸದ್ದಿಲ್ಲದೆ ಇದ್ದರು. ನಾವೂ ಹಾಗೇ ಕರೆಯೋಣ, ನಮ್ಮ ಗಂಟೇನು ಹೋಗುತ್ತದೆ.

ಮುಂದಿನ ಮನೆ ಶಬನಂಳದು. ಅದಿರು ಚೀನಾಕ್ಕೆ ಹೋಗುತ್ತಿದ್ದ ಕಾಲ; ಲಾರಿಗಳ ಕೆಂಪು ಧೂಳು ಬಟ್ಟೆಯ ಮೇಲೆ ಕೂರದಿರಲೆಂದು ಬಾಗಿಲಿಗೆ ಹಸಿ ಗೋಣಿ ಇಳಿಬಿಟ್ಟು ಹೊಲಿಯುತ್ತಿದ್ದಳು. ಹುಟ್ಟಿದಾಗ ಅವಳಿಗೆ ಮಹಮ್ಮದ್ ಗೌಸ್ ಎಂದು ಹೆಸರಿಟ್ಟಿದ್ದು ಓಣಿಗೆಲ್ಲ ಗೊತ್ತು.

ಮೇಷ್ಟ್ರು ಕೇಳದೆಯೇ ಇತರೆ ಚೌಕದ ಮೇಲೆ ಪೆನ್ನು ಇಟ್ಟರು.

"ತಡೀರಿ ಸಾರ್. ಏನ್ ಬರೀತೀರಿ?"

"ಇತರೆ. ಹೊಸದಾಗಿ ಕೊಟ್ಟಾರ."

"ಸಂತಿ ಚೀಟಿ ಕೊನೀಗೆ ಬರೀತಾರಲ್ಲ, ಉಪ್ಪು, ಬೆಲ್ಲ, ಇತರೆ. ಅದಾ?" ಅವಳು ಯಂತ್ರ ನಿಲ್ಲಿಸಿದಳು. "ನಾನು ಹೆಣ್ಣು ಸಾರ್. ಸ್ತ್ರೀ ಅಂತ ಬರೀರಿ."

"ಆಫೀಸಿನಾಗ ಕೇಳಿದ್ರ?"

"ನನ್ನ ಕಡೀಗೆ ಕಳಸ್ರಿ." ಹಲ್ಲಿನಿಂದ ದಾರ ಕಡಿದು ಮೇಷ್ಟ್ರ ಮುಖವನ್ನೇ ನೋಡಿದಳು. "ಆ ಚೌಕ ಯಾರಿಗೆ ಬೇಕೋ ಅವ್ರು ತುಂಬ್ಕೊಳ್ಳಿ."

ಮೇಷ್ಟ್ರಿಗೆ ಹೆದರಿಕೆಯಾಯಿತು. ಅದರ ಹಿಂದೆಯೇ ಹೊಟ್ಟೆಕಿಚ್ಚೂ ಆಯಿತು. ಇವಳಿಗೆ ತಾನು ಏನೆಂದು ಗೊತ್ತಿದೆ, ಹೇಳಲು ಒಂದು ಹಳೆಯ ಮಾತೂ ಇದೆ. ಸ್ತ್ರೀ ಎಂದು ಗುರುತು ಹಾಕಿ ಎದ್ದರು.

ಅರ್ಜಿಗಳ ಕಟ್ಟು ಆಫೀಸಿಗೆ ಕೊಡಲೆಂದು ಹತ್ತಿದ ಬಳ್ಳಾರಿ ಬಸ್ಸಿನಲ್ಲಿ 'ಮಹಿಳೆಯರಿಗೆ' ಎಂದು ಬರೆದ ಸೀಟುಗಳೂ ಖಾಲಿಯಿದ್ದವು, ಬರೆಯದವೂ ಖಾಲಿಯಿದ್ದವು.

"ಕೂಡ್ರಿ ಮೇಷ್ಟ್ರೆ, ಸೀಟ್ ಅದಾವಲ್ಲ," ಎಂದ ಕಂಡಕ್ಟರ್.

"ಇರ್ಲಿ."

ನಿಂತೇ ಹೋದರು. ಮುಂದೆ ಲಾರಿಗಳ ಸಾಲು ಮುಗಿಯಲೇ ಇಲ್ಲ. ಬಳ್ಳಾರಿ ಹತ್ತಿರವಾದಾಗ ಚೀಲದ ತಳದಿಂದ ತಮ್ಮ ಅರ್ಜಿ ತೆಗೆದು ಶಬನಂಳ ಅರ್ಜಿಯ ಕೆಳಗೆ ಸೇರಿಸಿದರು.

ಚುನಾವಣಾ ಶಾಖೆಯ ಗುಮಾಸ್ತ ಪಕ್ಕೀರಪ್ಪ ಒಳ್ಳೆಯ ಮನುಷ್ಯ. ಅದೇ ತೊಂದರೆಯಾಯಿತು. ಮೇಷ್ಟ್ರು ಹೊರಗೆ ನೀರು ಕುಡಿದು ಬರುವಷ್ಟರಲ್ಲಿ ಇಡೀ ಕಟ್ಟು ನೋಡಿ ಮುಗಿಸಿದ್ದ.

"ಕನ್ನಡ ಮೇಷ್ಟ್ರು ಅಂದ್ರ ಹಿಂಗಿರಬೇಕು ನೋಡ್ರಿ. ಒಂದಽ ಒಂದು ತಪ್ಪು, ಅದೂ ನಿಮ್ದರಾಗ. ಅವಸರದಾಗ ಕೈ ಜಾರೈತಿ. ನಾನಽ ತಿದ್ದೀನಿ."

ಇತರೆಯ ಚೌಕದ ಮೇಲೆ ವೈಟ್ನರ್ ಬಳಿದಿತ್ತು. ಪುರುಷ ಎಂಬಲ್ಲಿ ದುಂಡಗೆ, ಅಕ್ಕರೆಯಿಂದ ಹಾಕಿದ ಹೊಸ ಗುರುತು.

"ತಿದ್ದಿದ ಕಡೆ ನಿಮ್ದೊಂದು ಸಹಿ ಹಾಕ್ರಿ, ಮುಗೀತು."

ಮೇಷ್ಟ್ರು ಪೆನ್ನು ತೆಗೆದುಕೊಂಡರು. ಸಹಿ ಹಾಕಿದರೆ ಸಂಜೆಯ ಬಸ್ಸಿಗೆ ಊರು ಸೇರಬಹುದು. ನಾಳೆ ಸಂಧಿ, ನಾಡಿದ್ದು ಸಮಾಸ.

"ತಪ್ಪಲ್ಲ," ಎಂದರು.

"ಏನಂದ್ರಿ?"

"ಅದು ತಪ್ಪಲ್ಲ."

ಪಕ್ಕೀರಪ್ಪ ನಕ್ಕ. "ಚಾಷ್ಟಿ ಮಾಡಬ್ಯಾಡ್ರಿ ಮೇಷ್ಟ್ರೆ."

ಮೇಷ್ಟ್ರು ಪೆನ್ನು ಕೆಳಗಿಟ್ಟು, ಹೆಬ್ಬೆರಳ ಉಗುರಿನಿಂದ ಬಿಳಿಯನ್ನು ಕೆರೆಯತೊಡಗಿದರು. ಕೆಳಗಿನ ಗುರುತು ಕಾಣಲೆಂದು ಜೋರಾಗಿ ಕೆರೆದರು. ಬಿಳಿಯ ಜೊತೆ ಕಾಗದವೂ ಎದ್ದು ಬಂತು. ಚೌಕವಿದ್ದಲ್ಲಿ ಒಂದು ತೂತಾಯಿತು.

ಪಕ್ಕೀರಪ್ಪ ಅರ್ಜಿಯನ್ನು ಎತ್ತಿ ಹಿಡಿದ. ತೂತಿನಿಂದ ಮೇಷ್ಟ್ರನ್ನು ನೋಡಿದ, ತಲೆಯಿಂದ ಕಾಲಿನವರೆಗೆ. ನಗು ನಿಂತಿತ್ತು. ಮೇಷ್ಟ್ರು ಚೀಲ ಹೆಗಲಿಗೇರಿಸಿಕೊಂಡು ಬಾಗಿಲಿನತ್ತ ನಡೆದರು.

ಮೂಲೆಯಲ್ಲಿ ಕಸ ಗುಡಿಸುತ್ತಿದ್ದ ಸುಂಕಮ್ಮ ಹರಿದ ಕಾಗದ ಕಂಡು ಕೇಳಿದಳು: "ಅದನ್ನ ಏನ್ ಮಾಡ್ಲಿರಿ? ಕಸದಾಗ ಹಾಕ್ಲೇನು?"

ಸಾಲೆಯ ಹಳೆಯ ಹೆಸರು ಹಿಡಿದು ಕರೆದಂತಾಗಿ ಮೇಷ್ಟ್ರು ಗಕ್ಕನೆ ನಿಂತು ತಿರುಗಿದರು.

"ತಡಿ," ಎಂದ ಪಕ್ಕೀರಪ್ಪ. "ಅದು ಏನಂತ ಮೊದ್ಲು ನೋಡೂಣು." ಕಾಗದವನ್ನು ಅವನು ಇನ್ನೂ ಇಳಿಸಿರಲಿಲ್ಲ. ತೂತಿನಲ್ಲಿ ಅವನ ಒಂದು ಕಣ್ಣಿತ್ತು.